ಯಾರ ಮಾತು ಎಲ್ಲಿಯವರೆಗೆ? ಇಚಲಕರಂಜಿಯಲ್ಲಿ ಮನೆ-ಜಾಗ ಕೊಳ್ಳುವ ಕನ್ನಡಿಗರಿಗೆ ಮರಾಠಿ ಹುದ್ದೆಗಳ ಪರಿಚಯ

ಇಚಲಕರಂಜಿಯ ಪೇಟೆಯಲ್ಲಿ ಕನ್ನಡದವರಿಗೆ ಮಾತಿನ ತೊಡಕು ಅಷ್ಟಾಗಿ ಇಲ್ಲ. ನಿಪ್ಪಾಣಿ, ಸದಲಗಾ, ಬೋರಗಾಂವ ಕಡೆಯಿಂದ ಬಂದು ನೆಲೆಸಿದವರು, ರಬಕವಿ-ಬನಹಟ್ಟಿಯ ನೇಕಾರ ಮನೆತನಗಳ ಜೊತೆ ನಂಟು ಉಳ್ಳವರು, ಗಡಹಿಂಗ್ಲಜದ ಕನ್ನಡಿಗರು, ಇವರೆಲ್ಲ ನೂಲಿನ ದರವನ್ನು ಮರಾಠಿಯಲ್ಲೇ ಕುದುರಿಸಬಲ್ಲರು. ತೊಡಕು ಶುರುವಾಗುವುದು ಮಗ್ಗದ ಶೆಡ್ಡು, ಪ್ಲಾಟು, ಫ್ಲಾಟು ಅಥವಾ ಒಂದು ತುಂಡು ಹೊಲ ಕೊಳ್ಳಲು ಹೊರಟಾಗ. ಒಂದು ಖರೇದಿಯ ಸುತ್ತ ಹತ್ತು ಮಂದಿ ಬಂದು ನಿಲ್ಲುತ್ತಾರೆ: ದಲಾಲ, ತಲಾಠಿ, ಸರ್ಕಲ್, ಭೂಕರಮಾಪಕ, ವಿಕಾಸಕ, ಬಾಂಡ್ ರೈಟರ್, ನೋಟರಿ, ವಕೀಲ, ದುಯ್ಯಮ ನಿಬಂಧಕ, ಮೂಲ್ಯಾಂಕನಕಾರ. ಎಲ್ಲರೂ 'ಏನೂ ತೊಂದರೆ ಇಲ್ಲ, ಕ್ಲಿಯರ್ ಇದೆ' ಎನ್ನುತ್ತಾರೆ. ಹಾಗೆ ಹೇಳುವ ಅಧಿಕಾರ ಒಬ್ಬೊಬ್ಬರಿಗೆ ಒಂದೊಂದು ವಿಷಯದಲ್ಲಿ ಮಾತ್ರ ಇದೆ, ಕೆಲವರಿಗೆ ಯಾವ ವಿಷಯದಲ್ಲೂ ಇಲ್ಲ. ಆಸ್ತಿ ವ್ಯವಹಾರದಲ್ಲಿ ಹಣ ಮುಳುಗುವುದು ಬಹಳ ಸಲ ಸುಳ್ಳು ಕಾಗದದಿಂದಲ್ಲ. ಒಬ್ಬನಿಗೆ ಇರುವ ಅಧಿಕಾರವನ್ನು ಇನ್ನೊಬ್ಬನ ಬಾಯಿಮಾತಿಗೆ ಕೊಟ್ಟುಬಿಡುವುದರಿಂದ. ಆದ್ದರಿಂದ ಗಡಿಭಾಗದ ಕನ್ನಡಿಗರು ಈ ಹುದ್ದೆಗಳ ಮರಾಠಿ ಹೆಸರನ್ನು ಅದರ ಜೊತೆಗಿರುವ ಅಧಿಕಾರ ಮತ್ತು ಕಾಗದದ ಸಮೇತ ಕಲಿಯಬೇಕು ಎಂಬುದು ಈ ಲೇಖನದ ವಾದ.

'ಇದರಲ್ಲಿ ಕಲಿಯುವುದೇನಿದೆ? ಉತಾರ, ಮೋಜಣಿ, ಫೇರಫಾರ, ಖರೇದಿ, ಬೋಜಾ ಎಲ್ಲ ನಮ್ಮ ಮಾತುಗಳೇ' ಎಂದು ಬೆಳಗಾವಿ ಸೀಮೆಯವರು ಕೇಳಬಹುದು. ಮಾತುಗಳು ಒಂದೇ ಎಂಬುದು ನಿಜ, ಅದಕ್ಕೆ ಕಾರಣವೂ ಇದೆ. 1956ರ ತನಕ ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಸಂಸ್ಥಾನವಾಗಿದ್ದ ಕೊಲ್ಹಾಪುರವೂ 1949ರಲ್ಲಿ ಮುಂಬಯಿಯಲ್ಲಿ ವಿಲೀನವಾಯಿತು. 1879ರ ಮುಂಬಯಿ ಕಂದಾಯ ಸಂಹಿತೆಯ ನೆರಳು ಎರಡೂ ಕಡೆ ಬಿದ್ದಿದೆ. ಆದರೆ ರಾಜ್ಯಗಳು ಬೇರೆಯಾದ ಮೇಲೆ ಕರ್ನಾಟಕಕ್ಕೆ 1964ರ ಭೂಕಂದಾಯ ಕಾಯಿದೆ ಬಂತು, ಮಹಾರಾಷ್ಟ್ರಕ್ಕೆ 1966ರ ಜಮೀನ ಮಹಸೂಲ ಸಂಹಿತೆ ಬಂತು. ಅಲ್ಲಿಂದೀಚೆಗೆ ಮಾತು ಹಾಗೆಯೇ ಉಳಿದು ನಿಯಮಗಳು ಬೇರೆ ಬೇರೆ ದಾರಿ ಹಿಡಿದಿವೆ. ಪೂರ್ತಿ ಅಪರಿಚಿತವಾದ ಪದ ಕಿವಿಗೆ ಬಿದ್ದರೆ ನಾವು ತಡೆದು ಅರ್ಥ ಕೇಳುತ್ತೇವೆ, ಪರಿಚಿತ ಪದ ಬಿದ್ದರೆ ತಲೆಯಾಡಿಸಿ ಮುಂದೆ ಹೋಗುತ್ತೇವೆ. ಗಡಿಯ ಖರೇದಿದಾರನಿಗೆ ಇರುವ ಅಪಾಯ ಈ ಎರಡನೆಯದು.

ತಲಾಠಿಯಿಂದಲೇ ನೋಡೋಣ. ಕರ್ನಾಟಕದಲ್ಲಿ ಈ ಹುದ್ದೆಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರಿದೆ. ಮಹಾರಾಷ್ಟ್ರವೂ ಇತ್ತೀಚೆಗೆ ಗ್ರಾಮ ಮಹಸೂಲ ಅಧಿಕಾರಿ ಎಂದು ಬದಲಿಸಿದೆ, ಆದರೆ ಜನರ ಬಾಯಲ್ಲಿ ತಲಾಠಿಯೇ. ಎದುರಿಗೆ ಮಾತಾಡುವಾಗ 'ಭಾವುಸಾಹೇಬ' ಎನ್ನುವುದು ಆ ಕಡೆಯ ಮರ್ಯಾದೆ. ತಲಾಠಿ ಗ್ರಾಮ ನಮೂನೆಗಳನ್ನು ಇಟ್ಟುಕೊಳ್ಳುವವನು. ನಮೂನೆ 7 ಹಕ್ಕಿನ ದಾಖಲೆ, ನಮೂನೆ 12 ಬೆಳೆಯ ದಾಖಲೆ. ಎರಡೂ ಸೇರಿ 'ಸಾತಬಾರಾ ಉತಾರಾ', ಅಂದರೆ ನಮ್ಮ ಪಹಣಿ. ಒಬ್ಬ ಖಾತೆದಾರನ ಎಲ್ಲ ಜಮೀನು ಒಂದೆಡೆ ಸಿಗುವುದು 8-ಅ ಉತಾರಾದಲ್ಲಿ. ಖರೇದಿ, ವಾರಸ, ವಾಟಣಿ ಯಾವುದೇ ಬದಲಾವಣೆ ಮೊದಲು ಬೀಳುವುದು ನಮೂನೆ 6ರ ಫೇರಫಾರ ವಹಿಯಲ್ಲಿ. ತಲಾಠಿ ಅಲ್ಲಿ ನೋಂದ ಬರೆದು ಸಂಬಂಧಪಟ್ಟವರಿಗೆ ನೋಟೀಸು ಕೊಡುತ್ತಾನೆ. ಆಕ್ಷೇಪಣೆಗೆ 15 ದಿನ. ಆಮೇಲೆ ಆ ನೋಂದವನ್ನು ಮಂಜೂರು ಮಾಡುವವನು ತಲಾಠಿಯಲ್ಲ, ಮಂಡಳ ಅಧಿಕಾರಿ. ನಮ್ಮ ಕಂದಾಯ ನಿರೀಕ್ಷಕನಂತೆ ಅವನನ್ನೂ ಜನ 'ಸರ್ಕಲ್' ಎನ್ನುತ್ತಾರೆ. ಆ ಮಂಜೂರಾತಿ ಒಪ್ಪದಿದ್ದರೆ ಮೇಲ್ಮನವಿ ಪ್ರಾಂತಾಧಿಕಾರಿಯ ಕಚೇರಿಗೆ. ಹೀಗಿರುವಾಗ 'ತಲಾಠಿಯೇ ಹೇಳಿದ್ದಾನೆ, ಹೆಸರು ಏರಿಸಿಕೊಡುತ್ತಾನಂತೆ' ಎಂಬ ಮಾತಿಗೆ ಕಾನೂನಿನಲ್ಲಿ ತೂಕವಿಲ್ಲ. ತಲಾಠಿಯನ್ನು ಕೇಳಬೇಕಾದ ಪ್ರಶ್ನೆ ಬೇರೆ: ಈ ಗಟ್ ನಂಬರಿನ ಮೇಲೆ ಮಂಜೂರಾಗದೆ ಉಳಿದ, ಅಂದರೆ 'ಪ್ರಲಂಬಿತ', ಫೇರಫಾರ ಇದೆಯೇ? ತಕರಾರು ಬಂದಿದೆಯೇ? ಇದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ಉತಾರಾದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ. ಕಂದಾಯ ದಾಖಲೆಯ ನೋಂದ ಕಂದಾಯ ವಸೂಲಿಯ ಉದ್ದೇಶಕ್ಕೆ ಮಾತ್ರ, ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. 2021ರ ಜಿತೇಂದ್ರ ಸಿಂಗ್ ವಿರುದ್ಧ ಮಧ್ಯಪ್ರದೇಶ ಪ್ರಕರಣ ಅವುಗಳಲ್ಲಿ ಒಂದು. ಆದರೂ ಸಾತಬಾರಾ ಓದದೆ ಮುಂದೆ ಹೋಗುವುದು ಹುಚ್ಚುತನ, ಏಕೆಂದರೆ ಅಪಾಯದ ಸೂಚನೆಗಳು ಮೊದಲು ಕಾಣುವುದು ಅಲ್ಲೇ. ಕರ್ನಾಟಕದ ಪಹಣಿಯಲ್ಲಿ 11ನೇ ಕಾಲಂ ನೋಡುವ ರೂಢಿಯುಳ್ಳವರು ಇಲ್ಲಿ 'ಇತರ ಹಕ್ಕ' ಎಂಬ ಜಾಗ ಹುಡುಕಬೇಕು. ಬ್ಯಾಂಕಿನ ಅಥವಾ ಸೇವಾ ಸೊಸೈಟಿಯ ಸಾಲದ ಬೋಜಾ ಅಲ್ಲಿರುತ್ತದೆ. 'ಕುಳ' ಎಂದು ಹೆಸರಿದ್ದರೆ ಅದು ಗೇಣಿದಾರನ ಹಕ್ಕು. 'ಕುಳಕಾಯ್ದಾ ಕಲಮ 43' ಎಂಬ ಷರಾ ಕಂಡರೆ ಆ ಜಮೀನು ಗೇಣಿದಾರನಿಗೆ ಕಾಯಿದೆಯಿಂದ ಬಂದದ್ದು, ಮಾರಾಟಕ್ಕೆ ನಿರ್ಬಂಧವಿದೆ ಎಂದರ್ಥ. ಇನ್ನು 'ಭೂಧಾರಣಾ ಪದ್ಧತಿ' ಎಂಬ ಜಾಗದಲ್ಲಿ ಭೋಗವಟಾದಾರ ವರ್ಗ-1 ಎಂದಿದ್ದರೆ ಸಾಮಾನ್ಯವಾಗಿ ಮಾರಲು ಮುಕ್ತ. ವರ್ಗ-2 ಎಂದಿದ್ದರೆ ಸರಕಾರದ ಪೂರ್ವಾನುಮತಿ ಬೇಕು. ಹಳಬರು ಇದನ್ನೇ 'ನವೀನ ಶರ್ತ' ಎನ್ನುತ್ತಾರೆ. ಸಂಸ್ಥಾನದ ಕಾಲದ ವತನ, ಇನಾಮು ಜಮೀನುಗಳು ಕೊಲ್ಹಾಪುರ ಜಿಲ್ಲೆಯಲ್ಲಿ ಸಾಕಷ್ಟಿವೆ. ದೇವಸ್ಥಾನ ಇನಾಮಿನ ಜಮೀನು ಪೂಜಾರಿಯ ವಹಿವಾಟಿನಲ್ಲಿ ತಲೆಮಾರುಗಳಿಂದ ಇದ್ದರೂ ಒಡೆತನ ದೇವರದು, ಅದನ್ನು ಅವನು ಮಾರುವಂತಿಲ್ಲ. ದಲಾಲ ಇಂಥ ಜಾಗವನ್ನು 'ಸ್ವಲ್ಪ ಕಾಗದದ ಕೆಲಸ ಬಾಕಿ ಇದೆ, ಅದಕ್ಕೇ ದರ ಕಡಿಮೆ' ಎಂದು ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸುವುದು ಕ್ಷೇಮ.

ಹೊಲ ಕೊಳ್ಳುವವರಿಗೆ ಇನ್ನೊಂದು ಮಾತು. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಕಲಮುಗಳನ್ನು ತೆಗೆದುಹಾಕಿದ್ದರಿಂದ ಅಲ್ಲಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಹಾಗಿಲ್ಲ. 1948ರ ಗೇಣಿ ಕಾಯಿದೆಯ 63ನೇ ಕಲಮಿನ ಪ್ರಕಾರ ರೈತನಲ್ಲದವನಿಗೆ ಹೊಲ ಮಾರಲು ಕಲೆಕ್ಟರರ ಅನುಮತಿ ಬೇಕು. ಖರೇದಿದಾರ 'ಶೇತಕರಿ' ಎಂಬುದಕ್ಕೆ ದಾಖಲೆ ಕೊಡಬೇಕಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ ತಾಲೂಕಿನಲ್ಲಿ ಹೊಲವಿದ್ದು ಆ ಕಡೆ ಕೊಳ್ಳಲು ಬಯಸುವವರು ತಮ್ಮ ಕರ್ನಾಟಕದ ಪಹಣಿ ಈ ಕೆಲಸಕ್ಕೆ ನಡೆಯುತ್ತದೆಯೇ ಎಂಬುದನ್ನು ಇಸಾರ, ಅಂದರೆ ಮುಂಗಡ, ಕೊಡುವ ಮೊದಲೇ ತಹಶೀಲ್ದಾರ ಕಚೇರಿಯಲ್ಲಿ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಬೇಕು. ಒಂದೆರಡು ಗುಂಟೆಯ ತುಂಡು ಕೊಳ್ಳುವವರು 'ತುಕಡೇಬಂದಿ' ಎಂಬ ಮಾತನ್ನೂ ತಿಳಿದಿರಲಿ. 1947ರ ಆ ಕಾಯಿದೆ ಹೊಲವನ್ನು ಗೊತ್ತಾದ ಅಳತೆಗಿಂತ ಚಿಕ್ಕದಾಗಿ ಒಡೆದು ಮಾರುವುದನ್ನು ತಡೆಯುತ್ತದೆ. ಹಲವು ತಿದ್ದುಪಡಿ, ಸಡಿಲಿಕೆಗಳು ಬಂದಿರುವುದು ನಿಜ, ಆದರೆ ನಿಮ್ಮ ತುಂಡಿಗೆ ಅವು ಅನ್ವಯಿಸುತ್ತವೆಯೇ ಎಂದು ಹೇಳಬೇಕಾದವರು ಕಂದಾಯ ಕಚೇರಿಯವರು, ಲೇಔಟ್ ಹಾಕಿದವರಲ್ಲ. ಅನುಮತಿ ಇಲ್ಲದೆ ಗುಂಟೆ ಗುಂಟೆಯಾಗಿ ಮಾರಿದ ಬಡಾವಣೆಗಳನ್ನು 'ಗುಂಠೇವಾರಿ' ಎನ್ನುತ್ತಾರೆ. 2001ರ ಗುಂಠೇವಾರಿ ಕಾಯಿದೆಯಡಿ ಸಕ್ರಮಗೊಂಡದ್ದಾದರೆ ಅದರ ಪ್ರಮಾಣಪತ್ರ ಕೇಳಿ. 'ಸಕ್ರಮ ಆಗಲಿದೆ' ಎಂಬುದು ಕಾಗದವಲ್ಲ.

ಅಳತೆಯ ವಿಷಯದಲ್ಲಿ ಸುಲಭವಾಗಿ ಮೋಸಹೋಗುವುದು ಖಾಸಗಿ ಸರ್ವೆಯರನ ನಕ್ಷೆಯನ್ನು ಸರಕಾರಿ ನಕ್ಷೆ ಎಂದು ತಿಳಿಯುವುದರಿಂದ. ಸರಕಾರದ ಭೂಮಾಪಕನಿಗೆ ಮಹಾರಾಷ್ಟ್ರದಲ್ಲಿ 'ಭೂಕರಮಾಪಕ' ಎಂದು ಹೆಸರು. ಅವನು ತಾಲೂಕಿನ 'ಉಪ ಅಧೀಕ್ಷಕ, ಭೂಮಿ ಅಭಿಲೇಖ' ಕಚೇರಿಯವನು, ತಲಾಠಿಯ ಕೈಕೆಳಗಿನವನಲ್ಲ. ಗಡಿ ಗೊತ್ತುಮಾಡಿಸಲು 'ಹದ್ದ ಕಾಯಮ ಮೋಜಣಿ'ಗೆ ಅರ್ಜಿ ಹಾಕಬೇಕು. ಸುತ್ತಲ ಹೊಲದವರಿಗೆ ನೋಟೀಸು ಹೋಗುತ್ತದೆ, ಅಳತೆಯಾದ ಮೇಲೆ 'ಕ ಪ್ರತ' ಎಂಬ ನಕ್ಷೆ ಸಿಗುತ್ತದೆ. ನಮ್ಮ ಕಡೆಯ ಹದ್ದುಬಸ್ತಿಗೆ ಇದು ಸಮೀಪದ್ದು. ಹಳೆಯ ಖರೇದಿಪತ್ರದಲ್ಲಿ ಸರ್ವೆ ನಂಬರ್ ಅಥವಾ ರಿ.ಸ.ನಂ. ಇದ್ದು ಈಗಿನ ಉತಾರಾದಲ್ಲಿ ಗಟ್ ನಂಬರ್ ಇದ್ದರೆ ಗಾಬರಿಬೇಡ. ಏಕತ್ರೀಕರಣವಾದ, ಅಂದರೆ ಚೂರುಹೊಲಗಳನ್ನು ಒಟ್ಟುಗೂಡಿಸಿದ, ಹಳ್ಳಿಗಳಲ್ಲಿ ನಂಬರು ಬದಲಾಗಿದೆ. ಆದರೆ ಯಾವ ಸರ್ವೆ ನಂಬರು ಯಾವ ಗಟ್ ಆಯಿತು ಎಂಬ ಜೋಡಣೆಯನ್ನು ಇದೇ ಕಚೇರಿಯ ದಾಖಲೆಯಿಂದ ತೆಗೆಸಿಕೊಳ್ಳಬೇಕು.

ಊರೊಳಗಿನ ಜಾಗಕ್ಕೆ ಬಂದರೆ ಪಾತ್ರಧಾರಿಗಳು ಬದಲಾಗುತ್ತಾರೆ. ಸಿಟಿ ಸರ್ವೆಯಾದ ಭಾಗದಲ್ಲಿ ಸಾತಬಾರಾಕ್ಕೆ ಬದಲು 'ಮಿಳಕತ ಪತ್ರಿಕಾ', ಅಂದರೆ ಪ್ರಾಪರ್ಟಿ ಕಾರ್ಡ್. ಬೆಳಗಾವಿ, ಹುಬ್ಬಳ್ಳಿಯವರಿಗೆ ಸಿಟಿಎಸ್ ನಂಬರ್ ಹೊಸದಲ್ಲ. ಅದನ್ನು ನೋಡಿಕೊಳ್ಳುವುದು ನಗರ ಭೂಮಾಪನ ಕಚೇರಿ. ಕಟ್ಟಡಕ್ಕೆ ಸಂಬಂಧಿಸಿದ್ದೆಲ್ಲ ಮಹಾನಗರಪಾಲಿಕೆಯದು. ಇಚಲಕರಂಜಿ 2022ರಲ್ಲಿ ನಗರಪರಿಷತ್ತಿನಿಂದ ಮಹಾನಗರಪಾಲಿಕೆಯಾಗಿದೆ. ಹಾಗಾಗಿ ಹಳೆಯ ಪರವಾನಗಿಗಳ ಮೇಲೆ ನಗರಪರಿಷತ್ತಿನ ಮೊಹರು ಇರುವುದು ಸಹಜ, ಅದರ ನಂತರದ ದಿನಾಂಕದ ಕಾಗದದ ಮೇಲೆ ಅದೇ ಹಳೆಯ ಮೊಹರು ಇದ್ದರೆ ಪ್ರಶ್ನಿಸಬೇಕು. ನಗರ ರಚನಾ ವಿಭಾಗ ಕೊಡುವ 'ಝೋನ್ ದಾಖಲಾ'ದಿಂದ ಜಾಗ ವಸತಿಗೆ ಮೀಸಲೋ, ಕೈಗಾರಿಕೆಗೋ, ರಸ್ತೆಗೋ ತಿಳಿಯುತ್ತದೆ. ಮಗ್ಗದ ಶೆಡ್ಡು ಕೊಳ್ಳುವವರಿಗೆ ಇದು ಬಹು ಮುಖ್ಯ, ಏಕೆಂದರೆ ವಸತಿ ಜಾಗದಲ್ಲಿರುವ ಶೆಡ್ಡಿಗೆ ಮುಂದೆ ವಿದ್ಯುತ್ತು, ಸಾಲ, ವಿಸ್ತರಣೆ ಎಲ್ಲದರಲ್ಲೂ ತಕರಾರು ಬರಬಹುದು. ಕಟ್ಟಲು 'ಬಾಂಧಕಾಮ ಪರವಾನಾ', ಕಟ್ಟಿ ಮುಗಿದ ಮೇಲೆ 'ಭೋಗವಟಾ ಪ್ರಮಾಣಪತ್ರ'. ಈ ಭೋಗವಟಾವನ್ನು ಮೇಲೆ ಹೇಳಿದ ಭೋಗವಟಾದಾರ ವರ್ಗದ ಜೊತೆ ಬೆರೆಸಬಾರದು: ಅದು ಜಮೀನಿನ ಹಿಡುವಳಿಯ ಬಗೆ, ಇದು ಕಟ್ಟಡದಲ್ಲಿ ವಾಸಿಸಲು ಪಾಲಿಕೆಯ ಒಪ್ಪಿಗೆ. ಮನೆ ತೆರಿಗೆಗೆ ಕೊಲ್ಹಾಪುರ ಸೀಮೆಯಲ್ಲಿ 'ಘರಫಾಳಾ' ಎನ್ನುತ್ತಾರೆ. ಘರಫಾಳಾದ ಪಾವತಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ. ಮನೆ ಯಾರದು ಎಂಬುದಕ್ಕೂ, ಕಟ್ಟಡ ಸಕ್ರಮ ಎಂಬುದಕ್ಕೂ ಅಲ್ಲ.

ಇಷ್ಟು ಜನ ಸರಕಾರದ ಕಡೆಯವರಾದರೆ, ಖರೇದಿದಾರ ಮೊದಲು ಭೇಟಿಯಾಗುವವನು ಖಾಸಗಿಯವನು, ದಲಾಲ. ಈಗ ಫಲಕದ ಮೇಲೆ 'ಪ್ರಾಪರ್ಟಿ ಕನ್ಸಲ್ಟಂಟ್', 'ರಿಯಲ್ ಇಸ್ಟೇಟ್ ಎಜಂಟ್' ಎಂದಿರುತ್ತದೆ. ಹೆಸರು ಏನೇ ಇರಲಿ, 2016ರ ರೇರಾ ಕಾಯಿದೆಯ ವ್ಯಾಖ್ಯೆ ಬ್ರೋಕರ್, ಮಧ್ಯವರ್ತಿ, ಡೀಲರ್ ಮುಂತಾಗಿ ಯಾವ ಹೆಸರಿನಿಂದ ಕರೆಸಿಕೊಂಡರೂ ಅವರನ್ನು ಒಂದೇ ಚೌಕಟ್ಟಿಗೆ ತರುತ್ತದೆ. ನೋಂದಾಯಿತ ಯೋಜನೆಯ ಫ್ಲಾಟು ಅಥವಾ ಪ್ಲಾಟನ್ನು ಮಾರಿಸುವ ಎಜಂಟ್ ಮಹಾರೇರಾದಲ್ಲಿ, ಅಂದರೆ ಮಹಾರಾಷ್ಟ್ರದ ರೇರಾ ಪ್ರಾಧಿಕಾರದಲ್ಲಿ, ನೋಂದಾಯಿಸಿಕೊಂಡಿರಲೇಬೇಕು. ಅವನ ನೋಂದಣಿ ಸಂಖ್ಯೆ ಎ ಅಕ್ಷರದಿಂದ ಶುರುವಾಗುತ್ತದೆ, ಯೋಜನೆಯದು ಪಿ ಅಕ್ಷರದಿಂದ. ಎರಡನ್ನೂ ಮಹಾರೇರಾ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಎಜಂಟರ ನೋಂದಣಿ ಐದು ವರ್ಷಕ್ಕೆ ಸೀಮಿತ, ಹಾಗಾಗಿ ಅವಧಿಯನ್ನೂ ನೋಡಿ. ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕೆಂಬ ನಿಯಮವನ್ನೂ ಮಹಾರೇರಾ ತಂದಿದೆ. ನೋಂದಣಿ ಇಲ್ಲದೆ ಇಂಥ ಯೋಜನೆ ಮಾರಿಸಿದರೆ ದಿನಕ್ಕೆ ₹10,000ದಂತೆ, ಆಸ್ತಿಯ ಬೆಲೆಯ ಶೇ 5ರವರೆಗೆ ದಂಡ ಬೀಳಬಹುದು. ಆದರೆ ಈ ರಕ್ಷಣೆಯ ಮಿತಿಯನ್ನೂ ಹೇಳಬೇಕು. ಹಳೆಯ ಮನೆಯ ಮರುಮಾರಾಟ, ಹೊಲದ ವ್ಯವಹಾರ, 500 ಚದರ ಮೀಟರಿಗಿಂತ ಹೆಚ್ಚಿಲ್ಲದ ಜಾಗದಲ್ಲಿನ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಸಣ್ಣ ಕಟ್ಟಡ, ಇವು ರೇರಾ ನೋಂದಣಿಯ ಹೊರಗೆ ಉಳಿಯುತ್ತವೆ. ಇಚಲಕರಂಜಿಯಂಥ ಊರಿನಲ್ಲಿ ವ್ಯವಹಾರದ ದೊಡ್ಡ ಪಾಲು ಇಂಥದೇ. ಅಲ್ಲಿ ದಲಾಲನಿಗೆ ಯಾವ ಪರವಾನಗಿಯೂ ಇಲ್ಲ, ದಲಾಲಿಯ ದರವನ್ನು ಕಾಯಿದೆ ಗೊತ್ತುಮಾಡಿಯೂ ಇಲ್ಲ. ಶೇಕಡಾ ಎಷ್ಟು, ಯಾವಾಗ ಕೊಡಬೇಕು, ವ್ಯವಹಾರ ಮುರಿದರೆ ಏನು, ಅವನು ಎರಡೂ ಕಡೆಯಿಂದ ತೆಗೆದುಕೊಳ್ಳುತ್ತಾನೆಯೇ ಎಂಬುದನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳುವುದೊಂದೇ ದಾರಿ. ಒಳ್ಳೆಯ ದಲಾಲನಿಗೆ ಪೇಟೆಯ ದರ ಗೊತ್ತು, ಮಾರುವವನ ಅವಸರ ಗೊತ್ತು, ಅಕ್ಕಪಕ್ಕದ ತಂಟೆ ಗೊತ್ತು. ಅವನ ಈ ತಿಳಿವಳಿಕೆಗೆ ದಲಾಲಿ ಕೊಡುವುದು ನ್ಯಾಯವೇ. ಆದರೆ ಕಾಗದ ಕ್ಲಿಯರ್ ಇದೆ ಎಂದು ಹೇಳುವುದು ಅವನ ಕೆಲಸವಲ್ಲ.

ಹೊಸ ಕಟ್ಟಡವಾದರೆ ಬಿಲ್ಡರ್ ಎಂಬ ಒಂದೇ ಮಾತಿನಡಿ ಮೂವರು ಅಡಗಿರುತ್ತಾರೆ. ಜಮೀನಿನ ಮಾಲಕ, ಅವನಿಂದ 'ವಿಕಸನ ಕರಾರನಾಮಾ' ಮಾಡಿಸಿಕೊಂಡ ವಿಕಾಸಕ, ಮತ್ತು ಗೋಡೆ ಕಟ್ಟುವ ಠೇಕೇದಾರ. ರೇರಾದ ಮರಾಠಿ ಕಾಗದಗಳಲ್ಲಿ ಹೊಣೆಗಾರನನ್ನು 'ಪ್ರವರ್ತಕ' ಎನ್ನುತ್ತಾರೆ. ನಿಮ್ಮ ಕರಾರಿಗೆ ಸಹಿ ಹಾಕುವವನು ಪ್ರವರ್ತಕನೋ, ಅವನ ಮುಖತ್ಯಾರನೋ ನೋಡಬೇಕು. ಮುಖತ್ಯಾರನಾದರೆ 'ಕುಲಮುಖತ್ಯಾರಪತ್ರ' ನೋಂದಾಯಿತವೇ, ಮಾರುವ ಅಧಿಕಾರ ಅದರಲ್ಲಿ ಬರೆದಿದೆಯೇ, ಕೊಟ್ಟವನು ಬದುಕಿದ್ದಾನೆಯೇ ಎಂದು ಕೇಳಬೇಕು. ಮುಖತ್ಯಾರಪತ್ರದ ಮೇಲೆಯೇ ಆಸ್ತಿ ಮಾರುವ ರೂಢಿಯಿಂದ ಒಡೆತನ ದಾಟುವುದಿಲ್ಲವೆಂದು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಣದ ವಿಷಯದಲ್ಲೂ ಗೆರೆಯಿದೆ: ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡವನ್ನು ಪ್ರವರ್ತಕ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ ರೇರಾದ 13ನೇ ಕಲಮು.

ಇನ್ನು ಕಾಗದ ಬರೆಯುವವರು. ರಜಿಸ್ಟ್ರಿ ಕಚೇರಿಯ ಎದುರು ಕೂರುವ ಬಾಂಡ್ ರೈಟರ್ ಬರೆಯುವುದು ನೀವು ಹೇಳಿದ್ದನ್ನು. ನಿಮ್ಮ ಹಿತವನ್ನು ಕಾಯುವ ಹೊಣೆ ಅವನಿಗಿಲ್ಲ. ಮುಂಗಡದ ಚೀಟಿಗೆ 'ಇಸಾರ ಪಾವತಿ' ಅಥವಾ 'ವಿಸಾರ ಪಾವತಿ', ಮಾರಾಟದ ಒಪ್ಪಂದಕ್ಕೆ 'ಸಾಠೇಖತ', ಪೂರ್ಣ ಮಾರಾಟಕ್ಕೆ 'ಖರೇದೀಖತ'. ಬೆಳಗಾವಿ, ಧಾರವಾಡದವರು ಸಂಚಕಾರ ಪತ್ರ ಎನ್ನುವುದು ಸಾಠೇಖತಕ್ಕೆ ಹತ್ತಿರದ್ದು. ಗಡಿಭಾಗದಲ್ಲಿ ಅತಿ ಹೆಚ್ಚು ಗೊಂದಲ ತರುವ ಪಾತ್ರ ನೋಟರಿಯದು. ಸ್ಟ್ಯಾಂಪ್ ಕಾಗದದ ಮೇಲೆ ಸಾಠೇಖತ ಬರೆದು, ನೋಟರಿಯ ಕೆಂಪು ಮೊಹರು ಹಾಕಿಸಿ 'ಪಕ್ಕಾ ಆಯಿತು' ಎಂದು ಲಕ್ಷಗಟ್ಟಲೆ ಎಣಿಸಿಕೊಡುವವರಿದ್ದಾರೆ. ಸ್ಪೇನಿನಲ್ಲಿ ಹಾಗೆ ನಂಬುವುದರಲ್ಲಿ ಅರ್ಥವಿದೆ. ಅಲ್ಲಿನ 'ನೋತಾರಿಯೊ' ಕಾನೂನು ಓದಿ, ಕಠಿಣ ಸ್ಪರ್ಧಾ ಪರೀಕ್ಷೆಯಿಂದ ಆಯ್ಕೆಯಾದ ಸಾರ್ವಜನಿಕ ಅಧಿಕಾರಿ. ಮನೆಯ ಮಾರಾಟದ 'ಎಸ್ಕ್ರಿತೂರಾ' ಅವನ ಎದುರು ಆಗುತ್ತದೆ, ಬಳಿಕ 'ರೆಜಿಸ್ತ್ರಾದೋರ್' ಹಕ್ಕನ್ನು ಪರಿಶೀಲಿಸಿ ಆಸ್ತಿ ದಫ್ತರಿನಲ್ಲಿ ದಾಖಲಿಸುತ್ತಾನೆ. ನಮ್ಮ ದೇಶದ ನೋಟರಿ 1952ರ ಕಾಯಿದೆಯಡಿ ಸಹಿ ಹಾಕಿದವರು ಇವರೇ ಎಂದು ದೃಢೀಕರಿಸುವವನಷ್ಟೇ. ಅವನು ಹಕ್ಕು ಪರಿಶೀಲಿಸುವುದಿಲ್ಲ. ನೋಂದಣಿ ಕಾಯಿದೆಯ 2001ರ ತಿದ್ದುಪಡಿಯ ನಂತರ, ಸ್ವಾಧೀನ ಪಡೆದ ಖರೇದಿದಾರ ಒಪ್ಪಂದದ ಬಲದಿಂದ ತನ್ನ ಸ್ವಾಧೀನವನ್ನು ಕಾಪಾಡಿಕೊಳ್ಳಬೇಕಾದರೆ ಆ ಒಪ್ಪಂದ ನೋಂದಣಿಯಾಗಿರಲೇಬೇಕು.

ನೋಂದಣಿ ಮಾಡುವವನು 'ದುಯ್ಯಮ ನಿಬಂಧಕ', ನಮ್ಮ ಉಪ ನೋಂದಣಾಧಿಕಾರಿ. ಸಹಿಯಾದ ದಸ್ತನ್ನು ನಾಲ್ಕು ತಿಂಗಳೊಳಗೆ ಅವನ ಮುಂದೆ ಹಾಜರುಪಡಿಸಬೇಕು. 'ಮುದ್ರಾಂಕ ಶುಲ್ಕ' ಲೆಕ್ಕ ಹಾಕುವುದು ವಾರ್ಷಿಕ ದರಪಟ್ಟಿಯ ಮೇಲೆ. ಅದಕ್ಕೆ ಜನ 'ರೆಡಿ ರೆಕನರ್' ಎನ್ನುತ್ತಾರೆ, ಕರ್ನಾಟಕದ ಮಾರ್ಗಸೂಚಿ ಬೆಲೆ ಇದ್ದಂತೆ. ನೋಂದಣಿ ಶುಲ್ಕ ಶೇ 1, ಗರಿಷ್ಠ ₹30,000. ವಸತಿ ಮನೆಯನ್ನು ಹೆಣ್ಣುಮಕ್ಕಳ ಹೆಸರಿನಲ್ಲಿ ಮಾತ್ರ ಕೊಂಡರೆ 2021ರಿಂದ ಮುದ್ರಾಂಕ ಶುಲ್ಕದಲ್ಲಿ ಶೇ 1ರ ರಿಯಾಯಿತಿ ಇದೆ. ಸ್ವಾಧೀನ ಕೊಡುವ ಮಾತಿರುವ ಸಾಠೇಖತಕ್ಕೂ ಮಹಾರಾಷ್ಟ್ರದಲ್ಲಿ ಮಾರಾಟಪತ್ರದಷ್ಟೇ ಮುದ್ರಾಂಕ ಬೀಳುವುದರಿಂದ ಹಣದ ತಯಾರಿ ಮೊದಲೇ ಬೇಕು. ಇಷ್ಟೆಲ್ಲ ಆದರೂ ನಿಬಂಧಕ ಮಾರುವವನಿಗೆ ಹಕ್ಕಿದೆಯೇ ಎಂದು ತೀರ್ಮಾನಿಸುವುದಿಲ್ಲ. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಹಕ್ಕು ಶುದ್ಧ ಎಂಬ ನಂಬಿಕೆ ಗಡಿಯ ಎರಡೂ ಕಡೆ ಇದೆ; ಎರಡೂ ಕಡೆ ತಪ್ಪು.

ಹಾಗಾದರೆ ಹಕ್ಕನ್ನು ನೋಡುವವರು ಯಾರು? ವಕೀಲರು, ಅದೂ ಖರೇದಿದಾರನೇ ಶುಲ್ಕ ಕೊಟ್ಟು ನೇಮಿಸಿದವರು. ಕರ್ನಾಟಕದಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೆಸುವ ಅಭ್ಯಾಸವಿರುವವರು ಇಲ್ಲಿ ಇಸಿ ಎಲ್ಲಿ ಎಂದು ಹುಡುಕುತ್ತಾರೆ. ಇಲ್ಲಿನ ರೂಢಿ ಬೇರೆ: ವಕೀಲರು ನೋಂದಣಿ ದಫ್ತರಿನ 'ಸೂಚಿ ಕ್ರಮಾಂಕ ದೋನ', ಅಂದರೆ ಇಂಡೆಕ್ಸ್ ಟೂ ದಾಖಲೆಗಳನ್ನು ಹುಡುಕಿ, ಸಾಮಾನ್ಯವಾಗಿ 30 ವರ್ಷದ 'ಸರ್ಚ್ ರಿಪೋರ್ಟ್' ಬರೆದುಕೊಡುತ್ತಾರೆ. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ, ಇನ್ನೊಬ್ಬರೇಕೆ ಎಂದು ಕೇಳುವುದುಂಟು. ಬ್ಯಾಂಕಿನವರು ನೋಡುವುದು ಬ್ಯಾಂಕಿನ ಸಾಲ ವಸೂಲಾಗುತ್ತದೆಯೇ ಎಂದು. ನೀವು ಕೊಟ್ಟ ನಗದಿನ ಚಿಂತೆ ಅವರದಲ್ಲ. ಬ್ಯಾಂಕು ಕಳಿಸುವ ಮೂಲ್ಯಾಂಕನಕಾರನೂ ಹೀಗೆಯೇ. ಅವನು ಹೇಳುವುದು ಬೆಲೆ, ಹಕ್ಕಲ್ಲ. ವಕೀಲರು ಮರಾಠಿ ದಿನಪತ್ರಿಕೆಯಲ್ಲಿ 'ಜಾಹೀರ ನೋಟೀಸ' ಕೊಟ್ಟು ಆಕ್ಷೇಪಣೆ ಕರೆಯುವುದೂ ಇದೆ. ಪುಢಾರಿ, ಸಕಾಳ ಓದುವ ಮನೆಗಳಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಆದರೆ ಹಕ್ಕುದಾರರು ಗಡಿಯ ಆಚೆ, ಕನ್ನಡ ಪತ್ರಿಕೆ ಓದುವ ಊರಿನಲ್ಲಿದ್ದರೆ?

ಗಡಿಭಾಗದಲ್ಲಿ ಈ ಪ್ರಶ್ನೆ ಬಹಳ ಮನೆಗಳಿಗೆ ಮುಟ್ಟುವಂಥದ್ದು. ಹೆಣ್ಣು ಕೊಟ್ಟು ತರುವ ಸಂಬಂಧ ರಾಜ್ಯದ ಗೆರೆ ನೋಡುವುದಿಲ್ಲ. ಇಚಲಕರಂಜಿಯ ಮಗಳು ಬನಹಟ್ಟಿಯ ಸೊಸೆ, ಗಡಹಿಂಗ್ಲಜದ ಮಗಳು ಸಂಕೇಶ್ವರದ ಸೊಸೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲುದಾರಳು, 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲ ಎಂದು 2020ರ ವಿನೀತಾ ಶರ್ಮಾ ತೀರ್ಪು ಹೇಳಿದೆ. ಆದ್ದರಿಂದ ಅಣ್ಣತಮ್ಮಂದಿರು ಮಾರುವ ಜಾಗ ಕೊಳ್ಳುವಾಗ ವಾರಸ ನೋಂದದಲ್ಲಿ ಅಕ್ಕತಂಗಿಯರ ಹೆಸರಿದೆಯೇ, ಅವರು ಹಕ್ಕು ಬಿಟ್ಟಿದ್ದರೆ ನೋಂದಾಯಿತ 'ಹಕ್ಕಸೋಡಪತ್ರ' ಇದೆಯೇ ಎಂದು ನೋಡಲೇಬೇಕು. 'ಅವರಿಗೆಲ್ಲ ಗೊತ್ತಿದೆ, ಒಪ್ಪಿದ್ದಾರೆ' ಎಂಬ ಬಾಯಿಮಾತಿಗೆ ಇಲ್ಲಿ ಬೆಲೆ ಕೊಡಬಾರದು. ಇದನ್ನು ಓದುತ್ತಿರುವವರು ಅಂಥ ಅಕ್ಕತಂಗಿಯರಲ್ಲಿ ಒಬ್ಬರಾಗಿದ್ದರೆ ಅವರಿಗೂ ಒಂದು ಮಾತು. ತವರಿನಿಂದ ಕರೆಬಂದು, ಇಚಲಕರಂಜಿಯ ಕಚೇರಿಯಲ್ಲಿ ಮರಾಠಿ ಕಾಗದದ ಮೇಲೆ ಹೆಬ್ಬೆಟ್ಟು ಕೇಳಿದರೆ ಅದು ಹಕ್ಕಸೋಡಪತ್ರವೋ, ವಾಟಣಿಪತ್ರವೋ, ಮುಖತ್ಯಾರಪತ್ರವೋ ಎಂದು ಹೆಸರು ಹಿಡಿದು ಕೇಳಿ. ಮೊದಲನೆಯದರಲ್ಲಿ ಪಾಲು ಹೋಗುತ್ತದೆ, ಎರಡನೆಯದರಲ್ಲಿ ನಿಮಗೊಂದು ಪಾಲು ಬರೆದಿರಬೇಕು, ಮೂರನೆಯದರಲ್ಲಿ ನಿಮ್ಮ ಹೆಸರಿನಲ್ಲಿ ಇನ್ನೊಬ್ಬರು ಸಹಿ ಹಾಕುವ ಅಧಿಕಾರ ಪಡೆಯುತ್ತಾರೆ. ತವರಿಗೆ ಬಿಟ್ಟುಕೊಡಬೇಕೋ ಬೇಡವೋ ಅದು ನಿಮ್ಮ ಮನಸ್ಸು. ತಿಳಿಯದೆ ಬಿಟ್ಟುಕೊಟ್ಟಂತೆ ಆಗಬಾರದು.

ಇಷ್ಟೊಂದು ಜನರ ಬೆನ್ನು ಹತ್ತುವ ಬದಲು ನಂಬಿಕೆಯ ಒಬ್ಬ ಮನುಷ್ಯನಿಗೆ ಒಪ್ಪಿಸಿದರೆ ಸಾಲದೇ ಎಂಬ ಆಕ್ಷೇಪಣೆ ಸಹಜವಾದದ್ದು. ಬೆಳಗಿನಿಂದ ರಾತ್ರಿಯವರೆಗೆ ಮಗ್ಗದ ಮುಂದೆ ನಿಲ್ಲುವವರಿಗೆ ಕಚೇರಿ ಸುತ್ತಲು ದಿನ ಎಲ್ಲಿದೆ? ಓಡಾಟವನ್ನು ಒಪ್ಪಿಸಿ, ತಪ್ಪಿಲ್ಲ. ಆದರೆ ಪ್ರತಿ ಮಾತಿಗೂ ಅದಕ್ಕೆ ಸಂಬಂಧಪಟ್ಟ ಕಚೇರಿಯ ಕಾಗದ ತಂದು ತೋರಿಸು ಎನ್ನಬೇಕು. ಅದಕ್ಕೆ ಹುದ್ದೆಯ ಹೆಸರು, ಕಾಗದದ ಹೆಸರು ನಿಮಗೆ ಗೊತ್ತಿರಬೇಕು. ಇನ್ನು ಕೆಲವರು 'ಎಲ್ಲ ಆನ್‌ಲೈನ್ ಬಂದಿದೆ' ಎನ್ನುತ್ತಾರೆ. ಮಹಾಭೂಲೇಖದಲ್ಲಿ ಉತಾರಾ ನೋಡಬಹುದು, ಡಿಜಿಟಲ್ ಸಹಿಯ ಸಾತಬಾರಾ ಇಳಿಸಿಕೊಳ್ಳಬಹುದು, ನೋಂದಣಿ ಇಲಾಖೆಯ ಇ-ಸರ್ಚ್‌ನಲ್ಲಿ ಇಂಡೆಕ್ಸ್ ಟೂ ಹುಡುಕಬಹುದು. ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಬರೀ ನೋಡಲು ಸಿಗುವ ಉತಾರಾ ಮಾಹಿತಿಗಷ್ಟೇ, ಕಾನೂನು ಕೆಲಸಕ್ಕೆ ಡಿಜಿಟಲ್ ಸಹಿಯದೇ ಬೇಕು. ಕೋರ್ಟಿನಲ್ಲಿರುವ ದಾವೆ, ನೋಂದಣಿಯಾಗದ ವಾಟಣಿ, ಮನೆಯಲ್ಲಿ ಕೂತಿರುವ ಬಾಡಿಗೆದಾರ ಪರದೆಯ ಮೇಲೆ ಕಾಣುವುದಿಲ್ಲ.

ದಸ್ತಿನ ಭಾಷೆಯ ಬಗ್ಗೆಯೂ ಅರ್ಧಂಬರ್ಧ ತಿಳಿವಳಿಕೆ ಇದೆ. 1908ರ ನೋಂದಣಿ ಕಾಯಿದೆಯ 19ನೇ ಕಲಮಿನ ಪ್ರಕಾರ, ಅಧಿಕಾರಿಗೆ ತಿಳಿಯದ ಮತ್ತು ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಸದ ಭಾಷೆಯ ದಸ್ತನ್ನು ನಿಜವಾದ ಅನುವಾದವಿಲ್ಲದೆ ನೋಂದಾಯಿಸುವುದಿಲ್ಲ. ಹಾಗಾಗಿ ನಡೆಯುವುದು ಮರಾಠಿಯ ಅಥವಾ ಇಂಗ್ಲಿಷಿನ ದಸ್ತೇ. ಮರಾಠಿ ಮಾತಾಡಬಲ್ಲವರೆಲ್ಲ ದಸ್ತಿನ ಮರಾಠಿ ಓದಬಲ್ಲರು ಎಂದೇನೂ ಇಲ್ಲ. ಕರಡನ್ನು ಎರಡು ದಿನ ಮೊದಲೇ ಪಡೆದು, ಎರಡೂ ಬಲ್ಲವರಿಂದ ಕನ್ನಡದಲ್ಲಿ ಸಾಲು ಸಾಲಾಗಿ ಹೇಳಿಸಿಕೊಳ್ಳಿ. ಗಟ್ ನಂಬರು, ಕ್ಷೇತ್ರ, ಚತುಃಸೀಮೆ, ಹಣ ಪಾವತಿಯ ವಿವರ, ಬೋಜಾದ ಹೊಣೆ ಯಾರದು ಎಂಬ ವಾಕ್ಯ, ಇವುಗಳಲ್ಲಿ ಅಕ್ಷರ ತಪ್ಪಿದರೂ ತಿದ್ದಿಸಿ. ದಸ್ತನ್ನು ಕನ್ನಡದಲ್ಲಿ ಓದಿ ಅರ್ಥ ಹೇಳಲಾಗಿದೆ ಎಂಬ ಒಂದು ಸಾಲನ್ನು, ಓದಿ ಹೇಳಿದವರ ಸಾಕ್ಷಿ ಸಹಿಯ ಜೊತೆ ಸೇರಿಸಲು ವಕೀಲರಿಗೆ ಹೇಳಿ.

ಖರೇದೀಖತ ಕೈಗೆ ಬಂದ ದಿನ ಪೇಢೆ ಹಂಚಿ ಮನೆಗೆ ಹೋಗುವವರು ಮರೆಯುವ ಕೆಲಸ ಒಂದಿದೆ. ನಿಬಂಧಕರ ಕಚೇರಿಯಿಂದ ಸೂಚನೆ ತಾನಾಗಿ ಕಂದಾಯ ಇಲಾಖೆಗೆ ಹೋಗುತ್ತದೆ ಎಂಬುದು ನಿಜವಾದರೂ, ಫೇರಫಾರ ಬಿದ್ದಿತೇ, ತಕರಾರು ಬಂದಿತೇ, ಸರ್ಕಲ್ ಮಂಜೂರು ಮಾಡಿದನೇ ಎಂದು ಒಂದು ತಿಂಗಳೊಳಗೆ ವಿಚಾರಿಸಿ, ನಿಮ್ಮ ಹೆಸರಿನ ಹೊಸ ಡಿಜಿಟಲ್ ಉತಾರಾ ತೆಗೆದಿಟ್ಟುಕೊಳ್ಳಿ. ಊರೊಳಗಿನ ಜಾಗವಾದರೆ ಪ್ರಾಪರ್ಟಿ ಕಾರ್ಡಿಗೆ ನಗರ ಭೂಮಾಪನ ಕಚೇರಿಯಲ್ಲಿ, ಘರಫಾಳಾಕ್ಕೆ ಪಾಲಿಕೆಯ ಕರ ವಿಭಾಗದಲ್ಲಿ, ವಿದ್ಯುತ್ ಮೀಟರಿಗೆ ಮಹಾವಿತರಣದಲ್ಲಿ ಬೇರೆ ಬೇರೆ ಅರ್ಜಿ ಹಾಕಬೇಕು. ಫ್ಲಾಟಾದರೆ ಹೌಸಿಂಗ್ ಸೊಸೈಟಿಯ ಸದಸ್ಯತ್ವ ಹಸ್ತಾಂತರವಾಗಬೇಕು, ಮತ್ತು ಕಟ್ಟಡದ ಕೆಳಗಿನ ಜಮೀನು ಸೊಸೈಟಿಯ ಹೆಸರಿಗೆ ಬರುವ 'ಅಭಿಹಸ್ತಾಂತರಣ' ಆಗಿದೆಯೇ ಎಂದು ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಬೇಕು.